ತೋಳಿನೊಳಗೆ ಮೂರು ಮಡಿಕೆ

ಕಣ್ಣಾರೆ ಕಾಣದಿದ್ದರೂ ಕಣ್ಣಿಗೆ ಕಟ್ಟಿರುವ ಅಜ್ಜಿಗೆ,

ಮೊದಲು ನನ್ನ ಮುಜುಗರ ಹೇಳಿಕೊಂಡುಬಿಡುತ್ತೇನೆ. ನಿನ್ನನ್ನು ಅಜ್ಜಿ ಅನ್ನಲು ಬಾಯೇ ಬರುತ್ತಿಲ್ಲ. ನನಗೀಗ ಐವತ್ತೆರಡು. ಮಂಡಿನೋವು ಇದೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತೇನೆ. ನಿನಗೆ ಇಪ್ಪತ್ತಾರು. ನನ್ನ ಮಗಳಿಗೂ ಇಪ್ಪತ್ತಾರೇ. ನಿನ್ನ ಫೋಟೋ ಎದುರಿಗಿಟ್ಟುಕೊಂಡು ಕೂತರೆ, "ಏನೇ ಹುಡುಗಿ, ಊಟ ಆಯ್ತಾ? ಯಾಕೆ ಇಷ್ಟು ಸೊರಗಿದೀಯ?" ಎಂದು ಕೇಳಬೇಕು ಅನ್ನಿಸುತ್ತದೆ. ಆದರೂ ವರಸೆ ವರಸೆಯೇ. ನೀನು ನನ್ನ ಅಪ್ಪನ ಅಮ್ಮ. ನೀನು ಅಂತಲೇ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಅಜ್ಜಿಯನ್ನು ಯಾರೂ ನೀವು ಅಂದದ್ದಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಅಜ್ಜಿಯೇ ಇರಲಿಲ್ಲ.

ನಾನು ಆಲ್ಟರೇಷನ್ ಅಂಗಡಿಯವಳು. ಹೊಸ ಬಟ್ಟೆ ಹೊಲಿಯುವುದಿಲ್ಲ. ಇದ್ದ ಬಟ್ಟೆಯನ್ನು ಇದ್ದ ಮೈಗೆ ಹೊಂದಿಸಿ ಕೊಡುತ್ತೇನೆ. ದಪ್ಪಗಾದವರಿಗೆ ಬಿಡಿಸಿ, ಸಣ್ಣಗಾದವರಿಗೆ ಹಿಡಿದು, ಅಣ್ಣನ ಪ್ಯಾಂಟನ್ನು ತಮ್ಮನಿಗೆ ಗಿಡ್ಡ ಮಾಡಿ, ಸತ್ತವರ ಕೋಟನ್ನು ಬದುಕಿರುವವರಿಗೆ ಸರಿಮಾಡಿ. ಬೀದಿಯ ಕಡೆಗೆ ಒಂದು ಕಿಟಕಿ, ಕಿಟಕಿಗೆ ಆನಿಸಿದ ಮಷಿನ್, ಗಿರಾಕಿಗಳು ಕೂರಲು ಒಂದು ಬೆಂಚು, ಗೋಡೆಗೆ ಉದ್ದದ ಕನ್ನಡಿ. ಇಷ್ಟೇ ನನ್ನ ಸಾಮ್ರಾಜ್ಯ. ಕೈಗೆಲಸದಲ್ಲಿ ಹೆಸರಿದೆ, ಸುಳ್ಳು ಹೇಳುವುದಿಲ್ಲ. ಆದರೆ ನನ್ನಲ್ಲೊಂದು ಕೆಟ್ಟ ಚಾಳಿಯಿದೆ. ಗುಂಡುಪಿನ್ನು ಮರೆಯುತ್ತೇನೆ. ಅಳತೆಗೆ ಚುಚ್ಚಿದ ಹತ್ತು ಪಿನ್ನಿನಲ್ಲಿ ಒಂಬತ್ತು ತೆಗೆದು ಒಂದನ್ನು ಒಳಗೇ ಬಿಟ್ಟಿರುತ್ತೇನೆ. ಒಮ್ಮೆ ಒಬ್ಬ ವಕೀಲರು ಕೋರ್ಟಿನಲ್ಲಿ ಕೂತವರು ಹಾಗೆಯೇ ಎದ್ದು ನಿಂತರಂತೆ, ಜಡ್ಜು, "ಏನ್ರೀ, ಏನಾದ್ರೂ ಆಕ್ಷೇಪಣೆ ಇದೆಯಾ?" ಅಂದರಂತೆ. ನಿನ್ನ ಮಗ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ನನ್ನ ಮಾನ ಕಳೆಯುತ್ತಾನೆ. "ಈ ರೋಗ ನಿನಗೆ ಎಲ್ಲಿಂದ ಬಂತೋ, ನಿಮ್ಮಮ್ಮನ ಕಡೆ ಯಾರಿಗೂ ಇಲ್ಲ" ಅನ್ನುತ್ತಿದ್ದ. ತನ್ನ ಕಡೆ ಅಂತ ಅವನು ಯಾವತ್ತೂ ಹೇಳುತ್ತಿರಲಿಲ್ಲ.

ನಿನ್ನ ಮಗನ ವಿಷಯ ಹೇಳಬೇಕು. ನೀನು ಬಿಟ್ಟಾಗ ಅವನಿಗೆ ಮೂರು ವರ್ಷ, ಈಗ ಎಂಬತ್ತು. ನಡುವಿನ ಎಪ್ಪತ್ತೇಳು ವರ್ಷವನ್ನು ಒಂದು ಕಾಗದದಲ್ಲಿ ತುಂಬಲು ಆಗುವುದಿಲ್ಲ, ಆದರೂ ಕೇಳು. ಅವನು ಟೆಲಿಫೋನ್ ಲೈನ್‌ಮನ್ ಆದ. ಕಂಬ ಹತ್ತುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬೇರೆಯವರು ಸೊಂಟದ ಬೆಲ್ಟು ಬಿಗಿದು, ದೇವರ ಹೆಸರು ಹೇಳಿ ಹತ್ತುವ ಕಡೆ ಅವನು ಹಾಡು ಗುನುಗುತ್ತಾ ಹತ್ತುತ್ತಿದ್ದ. ಮೇಲೆ ಕೂತು ಊರು ನೋಡುವುದೆಂದರೆ ಪ್ರಾಣ. ಮನೆಗೆ ಬಂದು, "ಮೇಲಿಂದ ನೋಡಿದ್ರೆ ಜನರೆಲ್ಲ ಒಳ್ಳೆಯವರ ಥರಾನೇ ಕಾಣ್ತಾರೆ" ಅನ್ನುತ್ತಿದ್ದ. ನನಗೋ ಸ್ಟೂಲಿನ ಮೇಲೆ ನಿಂತರೆ ಕೈಕಾಲು ನಡುಗುತ್ತದೆ. ಇವನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದೆಯೇ ಎಂದು ಅಮ್ಮ ನಗುತ್ತಿದ್ದಳು.

ಇನ್ನೊಂದು ವಿಷಯ ನಾನು ತಡವಾಗಿ ಗಮನಿಸಿದ್ದು. ಜನ ಕಾಲು ಎಡವಿದರೆ, ಬೆರಳು ಬಾಗಿಲಿಗೆ ಸಿಕ್ಕಿದರೆ, ತಮಗೆ ಗೊತ್ತಿಲ್ಲದೆಯೇ "ಅಮ್ಮಾ" ಅನ್ನುತ್ತಾರೆ. ಎಪ್ಪತ್ತರ ಮುದುಕರೂ ಅನ್ನುತ್ತಾರೆ, ಕಳ್ಳರೂ ಅನ್ನುತ್ತಾರೆ. ಅಪ್ಪ ಅನ್ನುತ್ತಿರಲಿಲ್ಲ. ಒಮ್ಮೆ ತಂತಿ ತುಂಡಾಗಿ ಅಂಗೈ ಸೀಳಿ ಹನ್ನೊಂದು ಹೊಲಿಗೆ ಬಿತ್ತು. ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಾ ಕೂತಿದ್ದ. ಮಗಳನ್ನು "ಏನಮ್ಮ, ಬಾರಮ್ಮ" ಅನ್ನುವುದು ಎಲ್ಲ ಅಪ್ಪಂದಿರ ವಾಡಿಕೆ. ನನ್ನನ್ನು ಮಾತ್ರ ಅವನು "ಮಗೂ" ಅಂತಲೇ ಕರೆದದ್ದು. ಆ ಒಂದು ಮಾತನ್ನು ನಾಲಿಗೆಗೆ ತಾಗಿಸದೆ ಮನುಷ್ಯ ಇಷ್ಟು ವರ್ಷ ಬದುಕಿದನಲ್ಲ.

ನಾಲ್ಕನೇ ಕ್ಲಾಸಿನಲ್ಲಿ ಮೇಡಂ ವಂಶವೃಕ್ಷ ಬರೆದುಕೊಂಡು ಬನ್ನಿ ಅಂದರು. ಅಮ್ಮನ ಕಡೆ ಕೊಂಬೆ ಕೊಂಬೆಗೂ ಜನ, ಹಾಳೆ ಸಾಲಲಿಲ್ಲ. ಅಪ್ಪನ ಕಡೆ ಬಟಾಬಯಲು. ನಾನು ಅಳುತ್ತಾ ಕೂತಾಗ ಅಪ್ಪ ಪೆನ್ಸಿಲ್ ತೆಗೆದುಕೊಂಡು ಆ ಖಾಲಿ ಕಡೆ ಒಂದು ಟೆಲಿಫೋನ್ ಕಂಬ ಬರೆದ. "ನಮ್ದು ಮರ ಅಲ್ಲ ಮಗೂ, ಕಂಬ. ಬೇರಿಲ್ಲ, ಕೊಂಬೆ ಇಲ್ಲ. ಆದ್ರೂ ನೆಟ್ಟಗೆ ನಿಂತಿದೆ ನೋಡು" ಅಂದ. ಮೇಡಂ ಅದಕ್ಕೆ ಅಂಕ ಕೊಡಲಿಲ್ಲ. ನಾನು ಮಾತ್ರ ಆ ಕಂಬದ ಬುಡದಲ್ಲಿ ಬೇರು ಹುಡುಕುವುದನ್ನು ಆವತ್ತೇ ಶುರುಮಾಡಿದೆ ಅನ್ನಿಸುತ್ತದೆ.

ನದಿಮೂಲ, ಋಷಿಮೂಲ ಹುಡುಕಬಾರದು ಅನ್ನುತ್ತಾರೆ. ಲೈನ್‌ಮನ್ ಮೂಲವನ್ನೂ ಹುಡುಕಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ, ಹುಡುಕಿದೆ. ವಂಶ ಪತ್ತೆ ಮಾಡಿಕೊಡುತ್ತೇನೆ ಎಂದು ಬೋರ್ಡು ಹಾಕಿಕೊಂಡಿದ್ದ ಒಬ್ಬ ಮಹಾನುಭಾವ ಒಂದು ವಾರದಲ್ಲಿ ನಮಗೊಬ್ಬ ಸೇನಾಪತಿಯನ್ನು ಹುಡುಕಿಕೊಟ್ಟ. ಕುದುರೆಯೂ ಮೀಸೆಯೂ ಇದ್ದ ಚಿತ್ರ ಸಮೇತ. ಪಕ್ಕದ ಬೀದಿಯ ಕ್ಷೌರದವರಿಗೂ ಅದೇ ಸೇನಾಪತಿಯನ್ನು ಕೊಟ್ಟಿದ್ದ ಎಂದು ಆಮೇಲೆ ತಿಳಿಯಿತು. ಮುಂದೆ ನನ್ನ ಮಗಳು ಉಗುಳು ಪರೀಕ್ಷೆ ಮಾಡಿಸಿದಳು. ಒಂದು ಕೊಳವೆಯೊಳಗೆ ಉಗುಳಿ ಅಂಚೆಯಲ್ಲಿ ಕಳಿಸಿದರೆ ನಿಮ್ಮ ಪೂರ್ವಜರು ಯಾವ ಯಾವ ಸೀಮೆಯವರು, ನೂರಕ್ಕೆ ಎಷ್ಟೆಷ್ಟು ಪಾಲು ಎಂದು ಪಟ್ಟಿ ಬರುತ್ತದೆ. ಅಪ್ಪ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ಇಷ್ಟೆಲ್ಲ ಜನ ನಮ್ಮೋರಾ? ಒಬ್ಬರಾದ್ರೂ ಒಂದು ಕಾಗದ ಬರೀಬಾರದಿತ್ತಾ?" ಎಂದು ಮಡಿಸಿ ಜೇಬಿಗೆ ಹಾಕಿಕೊಂಡ. ನಗಿಸಲಿಕ್ಕೇ ಹೇಳಿದ್ದು. ಆದರೆ ಆ ಹಾಳೆ ಅವನ ಅಂಗಿಯ ಜೇಬಿನಲ್ಲಿ ಮೂರು ತಿಂಗಳು ಇತ್ತು. ನಾನು ಒಗೆಯಲು ಹಾಕುವಾಗ ತೆಗೆದಿಡುತ್ತಿದ್ದೆ, ಅವನು ಮತ್ತೆ ಹಾಕಿಕೊಳ್ಳುತ್ತಿದ್ದ.

ಅವನು ಬೆಳೆದ ಮಕ್ಕಳ ಮನೆಗೂ ಹೋಗಿ ಬಂದೆ. ಹಳೆಯ ದಾಖಲೆ ಪುಸ್ತಕದಲ್ಲಿ ಅವನದೊಂದು ಸಾಲು ಸಿಕ್ಕಿತು. ಗಂಡು, ಮೂರು ವರ್ಷ. ಒಪ್ಪಿಸಿದವರು: ತಾಯಿ. ಕೆಲಸ: ಹೊಲಿಗೆ. ಕಾರಣ ಎಂಬ ಕಡೆ ಏನೂ ಬರೆದಿರಲಿಲ್ಲ. ಮೈಮೇಲೆ ಇದ್ದದ್ದು: ಒಂದು ನೀಲಿ ಉಣ್ಣೆ ಕೋಟು. ಅಷ್ಟೇ ಅಜ್ಜಿ. ಹೊಲಿಗೆ ಎಂಬ ಪದ ಓದಿ ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ನನಗೆ ಈ ಕಸುಬು ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿಯೇ ಕೈಗೆ ಬಂದದ್ದು ಎಂದು ಅಷ್ಟು ದಿನ ಜಂಭ ಕೊಚ್ಚಿಕೊಂಡಿದ್ದೆ.

ಅಪ್ಪನಿಗೆ ಹೇಳಿದರೆ ಅವನು ಅಲುಗಲಿಲ್ಲ. ಅಲ್ಲಿನ ಮೇಲ್ವಿಚಾರಕಿ ಅವನಿಗೆ ಚಿಕ್ಕಂದಿನಲ್ಲೇ ಹೇಳಿದ್ದಳಂತೆ: ನಿಮ್ಮಮ್ಮ ಚಳಿ ಮುಗಿಯೋಷ್ಟರಲ್ಲಿ ಬರ್ತೀನಿ ಅಂದಳು, ಬರ್ತೀನಿ ಅಂತ ಎಲ್ಲ ಅಮ್ಮಂದಿರೂ ಹೇಳ್ತಾರೆ. ಆ ಹೆಂಗಸು ಕೆಟ್ಟವಳಾಗಿರಲಿಲ್ಲ. ನೂರಾರು ಮಕ್ಕಳು ಬಾಗಿಲು ಕಾಯುವುದನ್ನು ನೋಡಿ ನೋಡಿ, ಕಾಯುವ ಚಟ ಬಿಡಿಸಲು ಹಾಗೆ ಹೇಳಿರಬೇಕು. ಅಪ್ಪ ಕಾಯುವುದನ್ನು ಬಿಟ್ಟ. ಆದರೆ ಕೋಟು ಬಿಡಲಿಲ್ಲ. ತೋಳು ಗಿಡ್ಡವಾಗಿ ಮೊಣಕೈ ಹತ್ತಿರ ಬಂದರೂ ಹಾಕಿಕೊಂಡೇ ಇದ್ದನಂತೆ. ಕೊನೆಗೆ ಇನ್ನೊಬ್ಬ ಮಗುವಿಗೆ ಕೊಡೋಣವೆಂದು ಬಿಚ್ಚಲು ಬಂದವಳ ಕೈ ಕಚ್ಚಿದನಂತೆ. ಅವರು ಸೋತು ಅವನ ಹೆಸರು ಬರೆದು ಎತ್ತಿಟ್ಟು, ಹದಿನಾರಕ್ಕೆ ಅವನು ಅಲ್ಲಿಂದ ಹೊರಬೀಳುವಾಗ ಕೈಗೆ ಕೊಟ್ಟರು. ಅಂದಿನಿಂದ ಅದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದನ್ನು ಮುಟ್ಟುವ ಹಕ್ಕು ಅಮ್ಮನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾನೆ, ಅಂಗಡಿಯ ಮೇಲಿನ ಕೋಣೆಯಲ್ಲಿ. ಕಳೆದ ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಇಳಿದುಹೋಗುತ್ತಿದ್ದ. ಊಟ ಬೇಡ, ವಾಕಿಂಗ್ ಬೇಡ, ಮಾತೂ ಬೇಡ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ರೋಗ ಏನೂ ಇಲ್ಲ, ಮನಸ್ಸಿಲ್ಲ ಅಷ್ಟೇ" ಅಂದರು. ಅಂಥ ದಿನಗಳಲ್ಲೊಂದು ಬೆಳಿಗ್ಗೆ ಅವನು ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಗಿರಾಕಿಯ ಹಾಗೆ ಬೆಂಚಿನ ಮೇಲೆ ಕೂತ. ನನ್ನ ಮುಂದಿದ್ದ ಇಬ್ಬರ ಕೆಲಸ ಮುಗಿಯುವ ತನಕ ಸರದಿ ಕಾದ. ಆಮೇಲೆ ಕೋಟನ್ನು ಮೇಜಿನ ಮೇಲಿಟ್ಟು, "ಬೆನ್ನಿನ ಕಡೆ ಹುಳ ಹಿಡಿದಿದೆ. ಹುಳ ತಿಂದಿರೋ ಕಡೆ ಮಾತ್ರ ಕೈ ಹಾಕು, ಬೇರೆ ಕಡೆ ಮುಟ್ಟಬೇಡ" ಅಂದ. ಕೋಟಿನ ಕಾಲರು ಸರಿಮಾಡುತ್ತಾ, "ನನ್ನ ಜೊತೆ ಕಳಿಸೋವಾಗ ನೋಡೋಕೆ ಚೆನ್ನಾಗಿರಲಿ" ಅಂದ. ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಚೀಟಿ ಬರೆದುಕೊಟ್ಟೆ.

ಅವನು ಹೇಳಿದಷ್ಟೇ ಮಾಡಿದೆ. ಬೆನ್ನಿನ ಲೈನಿಂಗನ್ನು ಒಂದು ಗೇಣು ಬಿಚ್ಚಿದೆ. ಮೂವತ್ತು ವರ್ಷ ಬಟ್ಟೆ ಬಿಚ್ಚಿದವಳು ನಾನು. ಬಟ್ಟೆ ಬಿಚ್ಚಿದರೆ ಹೊಲಿದವರ ಸ್ವಭಾವ ಗೊತ್ತಾಗುತ್ತದೆ. ಸೋಮಾರಿಗಳು ಒಳಗೆ ಕದಿಯುತ್ತಾರೆ, ಅವಸರದವರು ಗಂಟು ಹಾಕುವುದಿಲ್ಲ. ನಿನ್ನ ಹೊಲಿಗೆ ನೋಡಿ ನಾನು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡೆ. ಮೂರು ವರ್ಷದ ಮಗುವಿನ ಕೋಟಿಗೆ ಯಾರಾದರೂ ಎರಡು ಅಂಚನ್ನು ಒಂದರೊಳಗೊಂದು ಸುತ್ತಿ ಜೋಡಿ ಹೊಲಿಗೆ ಹಾಕುತ್ತಾರೆಯೇ? ಲೈನಿಂಗ್ ಬಟ್ಟೆಯೂ ನಾನು ಕಂಡಿದ್ದಲ್ಲ. ಹೂವಿನಷ್ಟು ಹಗುರ, ಎಳೆದರೆ ಜಗ್ಗದು. ಹೊಲಿಗೆ ಮುಗಿದ ಮೂಲೆಯಲ್ಲಿ ಕೆಂಪು ದಾರದಲ್ಲಿ ಮೂರು ಪುಟ್ಟ ಗೀಟು ಇತ್ತು.

ಡೇರೆ ಹೊಲಿಯುವ ಒಬ್ಬ ಮುದುಕರು ನನಗೆ ಪರಿಚಯ. ಅವರ ಹತ್ತಿರ ಒಯ್ದೆ. ಅವರು ಬಟ್ಟೆಯನ್ನು ಕೆನ್ನೆಗೆ ಸವರಿ ನೋಡಿದರು, ಹೊಲಿಗೆಯ ಮೇಲೆ ಉಗುರು ಎಳೆದರು. "ಇದು ಭಾರ ಹೊರೋ ಹೊಲಿಗೆ ಕಣಮ್ಮ. ಮನುಷ್ಯರ ಭಾರ. ಬಟ್ಟೆ ಪ್ಯಾರಾಶೂಟಿಂದು" ಅಂದರು. "ನಮ್ಮಪ್ಪ ಹೇಳೋರು, ಆ ಕಾಲದಲ್ಲಿ ಬಲೂನಿನ ಕಂಪನಿಯೋರು ಊರೂರಿಗೆ ಬರ್ತಿದ್ರಂತೆ. ಬಲೂನಲ್ಲಿ ಮೇಲಕ್ಕೆ ಹೋಗಿ ಒಬ್ಬಳು ಹೆಂಗಸು ಕೆಳಕ್ಕೆ ಹಾರ್ತಿದ್ಳಂತೆ. ನಮ್ಮಪ್ಪ ಅವಳನ್ನ ನೋಡಿ ಮೂರು ದಿನ ಊಟ ಬಿಟ್ಟಿದ್ರಂತೆ, ನಮ್ಮಮ್ಮ ಅದನ್ನ ಸಾಯೋ ತನಕ ಆಡಿಕೊಂಡ್ಲು."

ಆಮೇಲೆ ಏಳು ತಿಂಗಳು ಗ್ರಂಥಾಲಯದ ಹಳೆ ಪತ್ರಿಕೆಗಳ ಕೋಣೆಯಲ್ಲಿ ಕಳೆದೆ. ವಾರದ ರಜೆ ದಿನ ಹೋಗುವುದು, ಧೂಳು ಕುಡಿಯುವುದು, ಸೀನುತ್ತಾ ವಾಪಸು ಬರುವುದು. ಅಲ್ಲಿನ ಗುಮಾಸ್ತೆ ನನ್ನನ್ನು ಕಂಡರೆ, "ಬಂದ್ರು ನೋಡಿ ನಮ್ಮ ಬಲೂನು ಮೇಡಂ" ಅನ್ನುವಳು. ಕೊನೆಗೆ ಅವಳೇ ಒಂದು ಪುಟ ತೆರೆದಿಟ್ಟುಕೊಂಡು ನನಗೆ ಕಾಯುತ್ತಿದ್ದಳು.

ಅಲ್ಲಿ ನೀನಿದ್ದೆ. ಟೊಪ್ಪಿಗೆ ಹಾಕಿಕೊಂಡು, ಬಟ್ಟೆಯ ದೊಡ್ಡ ಮೂಟೆ ಹೆಗಲಿಗೇರಿಸಿಕೊಂಡು, ಯಾರನ್ನೋ ನೋಡಿ ನಗುತ್ತಾ. ಎಡಹುಬ್ಬು ಬಲಹುಬ್ಬಿಗಿಂತ ಮೇಲೆ. ಅಪ್ಪ ಗಿರಾಕಿಗಳಿಗೆ ನನ್ನ ಪಿನ್ನಿನ ಕಥೆ ಹೇಳುವಾಗ ಅವನ ಹುಬ್ಬು ಹಾಗೆಯೇ ಏರುತ್ತದೆ. ಕೆಳಗೆ ದೊಡ್ಡ ಅಕ್ಷರದಲ್ಲಿ: ಆಕಾಶ ಕುಮಾರಿ. ಇನ್ನೂರ ಹನ್ನೆರಡು ಸಲ ಮುಗಿಲಿನಿಂದ ಹಾರಿದ ಕನ್ಯೆ. ತನ್ನ ಪ್ಯಾರಾಶೂಟನ್ನು ತಾನೇ ಹೊಲಿದುಕೊಳ್ಳುತ್ತಾಳೆ, ಬೇರೆ ಯಾರ ಹೊಲಿಗೆಯನ್ನೂ ನಂಬುವುದಿಲ್ಲ ಎಂದು ವರದಿಗಾರ ಬರೆದಿದ್ದ. ಹೊಲಿಗೆಯ ಕೊನೆಗೆ ಕೆಂಪು ದಾರದ ಮೂರು ಗೀಟು ಯಾಕೆ ಎಂದು ಅವನು ಕೇಳಿದ್ದಕ್ಕೆ ನೀನು, ಈ ಹೊಲಿಗೆಯನ್ನು ಮೂರು ಸಲ ಎಳೆದು ನೋಡಿದ್ದೇನೆ ಅನ್ನುವ ಗುರುತು, ಅಂದಿದ್ದೆ.

ಅಜ್ಜೀ, ಮಗುವಿನ ಕೋಟನ್ನೂ ನೀನು ಮೂರು ಸಲ ಎಳೆದು ನೋಡಿದ್ದೆಯಲ್ಲೇ. ಅವನೇನು ಮೋಡದಿಂದ ಹಾರುವವನಿದ್ದನೇ? ಕಂಬ ಹತ್ತುವ ಕೂಸು ಎಂದು ಆಗಲೇ ಗೊತ್ತಿತ್ತೇನೋ. ಆ ಓದುವ ಕೋಣೆಯಲ್ಲಿ ನಾನು ಎಷ್ಟು ಅತ್ತೆನೆಂದರೆ ಗುಮಾಸ್ತೆ ಪತ್ರಿಕೆಯನ್ನು ನನ್ನ ಮುಂದಿನಿಂದ ಎತ್ತಿಟ್ಟಳು, ಹಳೆ ಕಾಗದ ನೆಂದೀತು ಎಂದು.

ಇನ್ನೊಂದು ಪುಟವೂ ಇತ್ತು. ಅಪ್ಪನನ್ನು ಒಪ್ಪಿಸಿದ ಹನ್ನೊಂದು ವಾರದ ನಂತರದ್ದು. ಕೊನೆಯ ಪ್ರದರ್ಶನ, ಗಾಳಿ ತಿರುಗಿತು, ಪ್ಯಾರಾಶೂಟು ಸರಿಯಾಗಿಯೇ ಬಿಚ್ಚಿಕೊಂಡಿತು, ಆದರೆ ನದಿಯ ಮೇಲೆ ಇಳಿಯಿತು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲವಂತೆ. ನೆಂದ ಬಟ್ಟೆಯ ಭಾರಕ್ಕೆ ಯಾವ ಹೊಲಿಗೆ ಏನು ಮಾಡೀತು. ಕಡೆಯ ಸಾಲು ಹೀಗಿತ್ತು: ಆಕೆಗೆ ಇಪ್ಪತ್ತಾರು ವರ್ಷ, ಅವಿವಾಹಿತೆ, ಹಿಂದೆಮುಂದೆ ಯಾರೂ ಇಲ್ಲ. ಕುಮಾರಿ ಎಂದು ಊರೂರಿಗೆ ಪೋಸ್ಟರು ಅಂಟಿಸಿದ ಕಂಪನಿಗೆ ನೀನು ಮಗುವಿನ ಸುದ್ದಿ ಹೇಳುವ ಹಾಗಿರಲಿಲ್ಲ. ಹಾಗಾಗಿ ಮಕ್ಕಳ ಮನೆಗೆ ಸುದ್ದಿ ಮುಟ್ಟಿಸುವವರೂ ಇರಲಿಲ್ಲ. ಅಪ್ಪನ ಅಪ್ಪ ಯಾರು ಎಂದು ಯಾವ ಪುಟವೂ ಹೇಳಲಿಲ್ಲ. ಅದು ನಿನ್ನ ವಿಷಯ, ನಾನು ಕೇಳುವುದಿಲ್ಲ.

ಎರಡೂ ಪುಟದ ನಕಲು ತಂದು ಅಪ್ಪನ ಮುಂದಿಟ್ಟೆ. ಬೆಟ್ಟ ಅಗೆದು ಇಲಿಯಲ್ಲ, ಆನೆಯನ್ನೇ ಹಿಡಿದು ತಂದವಳ ಸಂಭ್ರಮ ನನಗೆ. ಅವನು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಇನ್ನೂರ ಹನ್ನೆರಡು ಅನ್ನುವುದನ್ನು ಎರಡು ಸಲ ಓದಿದ. ಎರಡನೆಯ ಪುಟ ಓದಿ ಮುಗಿಸಿ ಕನ್ನಡಕ ತೆಗೆದ. "ಗಟ್ಟಿಗಿತ್ತಿ" ಅಂದ. ನಾನು, "ಅಪ್ಪಾ, ಅದಕ್ಕೇ ಬರಲಿಲ್ಲ. ಬರೋಕೆ ಇರಲೇ ಇಲ್ಲ" ಅಂದೆ. ಅವನು ಕಿಟಕಿಯ ಕಡೆ ನೋಡುತ್ತಾ ನಿಧಾನವಾಗಿ ಹೇಳಿದ: "ಸತ್ತಿದ್ದು ಆಮೇಲೆ ಮಗೂ. ಬಿಟ್ಟಿದ್ದು ಮೊದಲು."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಿನ್ನದು ಮಗು ಇದೆ ಎಂದು ಹೇಳಿಕೊಳ್ಳಲಾಗದ ಕಸುಬು. ಅಷ್ಟು ಎತ್ತರ, ಅಷ್ಟು ಚಪ್ಪಾಳೆ, ಇಪ್ಪತ್ತಾರು ವಯಸ್ಸು. ವಾಪಸು ಬರುವ ಮನಸ್ಸಿತ್ತು ಎಂದು ಯಾವ ಪತ್ರಿಕೆ ಬರೆದೀತು? ಎಪ್ಪತ್ತೇಳು ವರ್ಷ ಅವನಿಗೆ ಬೇಕಿದ್ದದ್ದು ನಿನ್ನ ಹೆಸರಲ್ಲ, ಕೀರ್ತಿಯಲ್ಲ. ಬರುವವಳಿದ್ದೆಯೋ ಇಲ್ಲವೋ ಅನ್ನುವ ಒಂದೇ ಮಾತು. ಅದನ್ನು ಕೊಡಲು ನನ್ನಿಂದ ಆಗಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಆ ವಾರ ಅವನು ಇನ್ನೂ ಕಡಿಮೆ ಊಟ ಮಾಡಿದ.

ಬೆನ್ನಿನ ಕೆಲಸ ಯಾವಾಗಲೋ ಮುಗಿದಿತ್ತು, ಕೋಟು ವಾಪಸು ಕೊಡುವುದಿತ್ತು. ಕೊಡುವ ಮೊದಲು ಇಸ್ತ್ರಿ ಮಾಡೋಣ ಎಂದು ಹದವಾದ ಬಿಸಿಯಲ್ಲಿ, ಮೇಲೊಂದು ಒದ್ದೆ ಬಟ್ಟೆ ಹಾಸಿ ತೋಳಿನ ಮೇಲೆ ಒತ್ತಿದೆ. ತುದಿಯಲ್ಲಿ ಇಸ್ತ್ರಿ ಪೆಟ್ಟಿಗೆ ಏನೋ ಉಬ್ಬಿಗೆ ತಡೆದು ನಿಂತಿತು. ಹೆಬ್ಬೆರಳಿನಿಂದ ಹಿಸುಕಿ ನೋಡಿದೆ. ದಪ್ಪ. ಉಣ್ಣೆಯ ಒಂದು ಪದರ ಇರಬೇಕಾದ ಕಡೆ ಏಳೆಂಟು ಪದರ ಇತ್ತು. ಅಪ್ಪ ಮುಟ್ಟಬೇಡ ಅಂದದ್ದನ್ನು ಮೊದಲ ಸಲ ಮೀರಿದೆ. ತೋಳನ್ನು ಒಳಮೈ ಹೊರಗೆ ಮಾಡಿ, ಲೈನಿಂಗಿನ ಅಂಚನ್ನು ಬ್ಲೇಡಿನಿಂದ ಒಂದು ಬೆರಳಿನಷ್ಟು ಬಿಡಿಸಿದೆ.

ಮೂರು ಮಡಿಕೆ. ಒಂದರ ಹಿಂದೊಂದು, ಎರಡೆರಡು ಬೆರಳಗಲ. ಕಚ್ಚಾ ಹೊಲಿಗೆ, ಉದ್ದುದ್ದ ಹೆಜ್ಜೆಯದ್ದು. ಪ್ರತಿ ಮಡಿಕೆಯ ದಾರಕ್ಕೂ ಒಂದು ಬಾಲ ಬಿಟ್ಟು, ಬಾಲದ ತುದಿಗೆ ಗಂಟು ಹಾಕಿದ್ದೆ. ಗಂಟು ಹಿಡಿದು ಎಳೆದರೆ ಸಾಕು, ಕತ್ತರಿಯೂ ಬೇಡ. ಇನ್ನೊಂದು ತೋಳಿನಲ್ಲೂ ಮೂರು. ನಾಲ್ಕನೇ ವರ್ಷಕ್ಕೊಂದು, ಐದಕ್ಕೊಂದು, ಆರಕ್ಕೊಂದು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಅನ್ನುತ್ತಾರಲ್ಲ, ನನ್ನ ಪಾಡು ಅದೇ. ಏಳು ತಿಂಗಳು ಕಾಗದದಲ್ಲಿ ಹುಡುಕಿದ್ದು ನನ್ನದೇ ಮೇಜಿನ ಮೇಲೆ, ನನ್ನದೇ ಕಸುಬಿನಲ್ಲಿ ಮಡಿಸಿ ಇಟ್ಟಿತ್ತು.

ಅಂಗಡಿಯ ಬಾಗಿಲಿಗೆ ಊಟದ ವಿರಾಮದ ಫಲಕ ತಗುಲಿಸಿ ಅಪ್ಪನನ್ನು ಕೆಳಗೆ ಕರೆದೆ. ಕಿಟಕಿಯ ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂರಿಸಿ ತೋಳನ್ನು ಅವನ ತೊಡೆಯ ಮೇಲಿಟ್ಟೆ. ಬೇರೆ ಕಡೆ ಯಾಕೆ ಬಿಚ್ಚಿದೆ ಎಂದು ಬೈದ. ಬೈದು ಮುಗಿಯಲಿ ಎಂದು ಕಾದೆ.

"ಇದೇನಿದು?" ಅಂದ.

"ಮಡಿಕೆ ಅಪ್ಪಾ. ಬೆಳೆಯೋ ಮಗು ಅಂತ ಒಳಗೆ ಬಿಟ್ಟಿರೋ ಬಟ್ಟೆ."

"ಎಲ್ರೂ ಬಿಡ್ತಾರೆ" ಅಂದ. ನಿನ್ನ ಮಗ ಅಷ್ಟು ಸುಲಭಕ್ಕೆ ಬೀಳುವವನಲ್ಲ.

"ಎಲ್ರೂ ಬಿಡ್ತಾರೆ. ಆದ್ರೆ ಹೀಗೆ ಲೈನಿಂಗ್ ಒಳಗೆ ಮುಚ್ಚಿ ಹೊಲಿಯಲ್ಲ. ಹೊರಗಿಂದ ನೋಡಿದ್ರೆ ಮಡಿಕೆ ಇದೆ ಅಂತಾನೇ ಗೊತ್ತಾಗಲ್ಲ. ನನಗೇ ಗೊತ್ತಾಗಲಿಲ್ಲ."

ಅವನು ಸ್ವಲ್ಪ ಹೊತ್ತು ಯೋಚಿಸಿದ. ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುವಾಗಿನ ಮುಖ ಅದು. "ಹಾಗಾದ್ರೆ ಅಲ್ಲಿಯೋರಿಗೆ ಯಾರಿಗಾದ್ರೂ ಹೇಳಿ ಹೋಗಿರಬೇಕಲ್ಲ, ಒಳಗೆ ಬಟ್ಟೆ ಇದೆ, ಬಿಚ್ಚಿ ಉದ್ದ ಮಾಡಿ ಅಂತ. ಯಾರಿಗೆ ಹೇಳಿದ್ಲು?"

"ಯಾರಿಗೂ ಹೇಳಲಿಲ್ಲ ಅಪ್ಪಾ" ಅಂದೆ. "ಹೇಳಿದ್ದಿದ್ರೆ ನಿನ್ನ ತೋಳು ಮೊಣಕೈಗೆ ಬರ್ತಿರಲಿಲ್ಲ. ತಾನೇ ಬಂದು ಬಿಚ್ಚೋಳು ಬೇರೆಯವರಿಗೆ ಯಾಕೆ ಹೇಳ್ತಾಳೆ?"

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ಹನ್ನೊಂದು ಹೊಲಿಗೆಯ ಗಾಯ ಇರುವ ಅಂಗೈಯನ್ನು ಕೋಟಿನ ಮೇಲೆ ಇಟ್ಟುಕೊಂಡು ಅಪ್ಪ ಕೂತಿದ್ದ. ಆಮೇಲೆ ಮೊದಲ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದ. ಅಷ್ಟು ಹಳೆಯ ದಾರ ತುಂಡಾದೀತು ಎಂದು ನಾನು ಉಸಿರು ಹಿಡಿದಿದ್ದೆ. ತುಂಡಾಗಲಿಲ್ಲ. ಉದ್ದಕ್ಕೂ ಸರಾಗವಾಗಿ ಬಂತು. ಮಡಿಕೆ ಬಿಚ್ಚಿಕೊಂಡಿತು. ಹೊರಗೆಲ್ಲ ಮಾಸಿ ಬೂದುಬಣ್ಣಕ್ಕೆ ತಿರುಗಿದ್ದ ಕೋಟು, ಆ ನಾಲ್ಕು ಬೆರಳಿನಷ್ಟು ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಕಡುನೀಲಿ. ನಿನ್ನ ಕೈಯಲ್ಲಿದ್ದಾಗ ಅದು ಹಾಗಿತ್ತು. ಅಪ್ಪ ಆ ನೀಲಿಯ ಮೇಲೆ ಬೆರಳು ಸವರುತ್ತಾ ಹೋದ, ಒಂದು ತುದಿಯಿಂದ ಇನ್ನೊಂದು ತುದಿಗೆ.

"ಅಮ್ಮಾ!"

ಕೈ ಕೊಡವಿದ. ತೋರುಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ಮಡಿಕೆಯ ಮೂಲೆಯಲ್ಲಿ, ಉಣ್ಣೆಯೊಳಗೆ ಹುದುಗಿಕೊಂಡು, ತುಕ್ಕು ಹಿಡಿದ ಒಂದು ಗುಂಡುಪಿನ್ನು.

ನಾನು ಬೆರಳು ಹಿಡಿಯಲು ಹೋದೆ, ಅವನು ಕೊಡಲಿಲ್ಲ. ರಕ್ತದ ಹನಿಯನ್ನು ನೋಡುತ್ತಾ ಕೂತ. ಮತ್ತೆ "ಅಮ್ಮ" ಅಂದ. ಈ ಸಲ ನೋವಿಗಲ್ಲ. ನಿನ್ನನ್ನೇ ಕರೆದದ್ದು ಅಜ್ಜಿ. ಎಂಬತ್ತು ವರ್ಷದ ಗಂಟಲಿನಲ್ಲಿ ಆ ಮಾತು ಮೂರು ವರ್ಷದ್ದಾಗಿಯೇ ಉಳಿದುಕೊಂಡಿತ್ತು. ನಾನು ಕಟ್ಟೆಯೊಡೆದ ಹಾಗೆ ಅತ್ತೆ. ಅವನು ಅಳಲಿಲ್ಲ. ಎಡಹುಬ್ಬು ಏರಿಸಿ, ಮೂಗು ಒರೆಸಿಕೊಂಡು, "ಈ ರೋಗ ನಿನಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು. ನನ್ನ ಕಡೇದು" ಅಂದ. ನನ್ನ ಕಡೆ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ತುಕ್ಕಿನ ಪಿನ್ನು ಎಂದು ಇಂಜೆಕ್ಷನ್ ಹಾಕಿಸಲು ಕರೆದುಕೊಂಡು ಹೋದೆ. ನರ್ಸಮ್ಮ, "ಪಿನ್ನು ಎಷ್ಟು ಹಳೇದು?" ಎಂದು ಕೇಳಿದರು. ಅಪ್ಪ ಗಂಭೀರವಾಗಿ, "ಎಪ್ಪತ್ತೇಳು ವರ್ಷ. ನಮ್ಮಮ್ಮ ಮರೆತದ್ದು" ಅಂದ. ಅವರು ಅವನನ್ನೂ ನೋಡಿ ನನ್ನನ್ನೂ ನೋಡಿ, ಮನೆಯಲ್ಲಿ ವಯಸ್ಸಾದವರನ್ನು ಹುಷಾರಾಗಿ ನೋಡಿಕೊಳ್ಳಿ ಎಂದರು. ದಾರಿಯುದ್ದಕ್ಕೂ ಅವನು ಸಿಕ್ಕಿದವರಿಗೆಲ್ಲ ಬೆರಳು ತೋರಿಸಿದ. "ನಮ್ಮಮ್ಮ" ಎಂದು ಶುರುಮಾಡಿದರೆ ನಿಲ್ಲಿಸುವುದೇ ಇಲ್ಲ. ಇನ್ನೂರ ಹನ್ನೆರಡು ಸಲ ಹಾರಿದವಳನ್ನು ಅವನು ಆಗಲೇ ಮುನ್ನೂರಕ್ಕೆ ಏರಿಸಿದ್ದಾನೆ. ನಾನು ತಿದ್ದಲು ಹೋಗಿಲ್ಲ.

ಆವತ್ತು ಮಧ್ಯಾಹ್ನ ಇನ್ನೊಂದು ಆಯಿತು, ಅದನ್ನು ಹೇಳಿ ಮುಗಿಸುತ್ತೇನೆ. ಜೋಡಿ ಸರಿಹೋಗಲಿ ಎಂದು ಇನ್ನೊಂದು ತೋಳಿನದೂ ಒಂದು ಮಡಿಕೆ ಬಿಚ್ಚಿದೆ. ಅದೇ ಕೈಯಲ್ಲಿ ಎರಡನೆಯ ಗಂಟು ಹಿಡಿದೆ. ಅಪ್ಪ ನನ್ನ ಕೈಯ ಮೇಲೆ ಕೈ ಇಟ್ಟು ತಡೆದ. "ಸಾಕು ಕಣಮ್ಮ. ಮುಂದಿನ ವರ್ಷದ್ದು ಮುಂದಿನ ವರ್ಷ" ಅಂದ. ಆಮೇಲೆ, ಹಸಿವಾಗುತ್ತಿದೆ, ಏನಾದರೂ ಇದೆಯಾ ಎಂದು ಕೇಳಿದ.

ವಯಸ್ಸಿನಲ್ಲಿ ದೊಡ್ಡವಳು ನಾನು, ವರಸೆಯಲ್ಲಿ ದೊಡ್ಡವಳು ನೀನು. ಯಾರು ಯಾರಿಗೆ ಆಶೀರ್ವಾದ ಮಾಡಬೇಕೋ ತಿಳಿಯದು. ಇಬ್ಬರೂ ಮಾಡಿಬಿಡೋಣ. ನಿನಗೆ ನನ್ನದು: ನೀನೆಲ್ಲಿದ್ದರೂ ಗಾಳಿ ತಿರುಗದಿರಲಿ, ಕಾಲ ಕೆಳಗೆ ಮೆತ್ತಗಿನ ನೆಲ ಸಿಗಲಿ, ಇನ್ನೂ ಸ್ವಲ್ಪ ಮೈ ತುಂಬಿಕೊಳ್ಳೇ ಹುಡುಗಿ. ನನಗೆ ನಿನ್ನದು: ತೋಳಿನಲ್ಲಿ ಇನ್ನೂ ಎರಡು ಮಡಿಕೆ ಉಳಿದಿವೆ. ಅವೆರಡನ್ನೂ ಬಿಚ್ಚುವ ತನಕ ಅವನನ್ನು ನನ್ನ ಹತ್ತಿರವೇ ಬಿಟ್ಟಿರು. ಆಮೇಲೆ ನೀನೇ ಬಂದು ಕರೆದುಕೊಂಡು ಹೋಗು. ಬರುತ್ತೀಯೆಂದು ಈಗ ಅವನಿಗೆ ಗೊತ್ತಿದೆ.

ನಿನ್ನಂತೆಯೇ ಪಿನ್ನು ಮರೆಯುವ,
ನಿನ್ನ ಮೊಮ್ಮಗಳು